ಗಂಡಭೇರುಂಡ ಇರುವ ಸ್ಪಿಟ್‌ಫೈರ್ ಚಿತ್ರಕ್ಕೆ ಬೆಲೆ ಎಷ್ಟು? ಫ್ರೇಮ್ ಕಟ್ಟುವವರನ್ನು ಕೇಳಿ

ಪ್ರಶ್ನೆ (ಕುವೆಂಪುನಗರ, ಮೈಸೂರು): ನಮಸ್ಕಾರ ಸರ್. ತೀರಿಕೊಂಡ ನಮ್ಮ ಮಾವನವರ ಕೋಣೆ ಖಾಲಿ ಮಾಡುವಾಗ ಕಟ್ಟು ಹಾಕಿಸಿದ ದೊಡ್ಡ ಚಿತ್ರವೊಂದು ಸಿಕ್ಕಿತು. ಮೋಡಗಳ ಮೇಲೆ ಎರಡು ಸ್ಪಿಟ್‌ಫೈರ್ ಯುದ್ಧವಿಮಾನಗಳು, ಕೆಳಗಿನ ಬಿಳಿ ಅಂಚಿನಲ್ಲಿ ನಮ್ಮ ಅರಮನೆಯ ಗಂಡಭೇರುಂಡ! ಅದರ ಪಕ್ಕ ಪೆನ್ಸಿಲಿನಲ್ಲಿ ಮೂರು ಸಹಿಗಳಿವೆ. ಮಾವ ಬ್ಯಾಂಕಿನಲ್ಲಿದ್ದವರು, ವಾಯುಪಡೆಯವರಲ್ಲ. ಇಂಗ್ಲೆಂಡಿನ ವಿಮಾನಕ್ಕೂ ಗಂಡಭೇರುಂಡಕ್ಕೂ ಏನು ಸಂಬಂಧ? ಮಗ ‘ಲಿಮಿಟೆಡ್ ಎಡಿಷನ್ ಇರಬೇಕು, ಲಕ್ಷ ಬಾಳುತ್ತದೆ’ ಎನ್ನುತ್ತಾನೆ. ಆದರೆ ಸಂಖ್ಯೆ ಎಲ್ಲಿಯೂ ಕಾಣುವುದಿಲ್ಲ. ಫೋಟೋ ಹಾಕಿದ್ದೇನೆ.

ಉತ್ತರ: ಮೇಡಂ, ಸಂಬಂಧ ಇದೆ, ಸಣ್ಣದೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷ್ ವಾಯುಪಡೆಗೆ ಹಣ ಕೊಟ್ಟಿತ್ತು. ಆ ಋಣಕ್ಕಾಗಿ 129ನೇ ಸ್ಕ್ವಾಡ್ರನ್‌ಗೆ ‘ಮೈಸೂರು’ ಎಂಬ ಹೆಸರನ್ನೇ ಇಟ್ಟರು. ಅದರ ಲಾಂಛನವೇ ಗಂಡಭೇರುಂಡ. 1941ರ ಜೂನ್‌ನಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಸಜ್ಜಾದ ಈ ತುಕಡಿ 1942ರ ಆಗಸ್ಟ್ 19ರಂದು ಫ್ರಾನ್ಸಿನ ಕರಾವಳಿಯ ಡಿಯೆಪ್ ಮೇಲಿನ ದಾಳಿಯಲ್ಲಿ ಹಾರಿತು, 1944ರಲ್ಲಿ ಮಸ್ಟ್ಯಾಂಗ್ ವಿಮಾನಗಳಿಗೆ ಬದಲಾಯಿತು. ನಮ್ಮೂರಿನಲ್ಲಿ ಬಸ್ಸಿನ ಮೇಲೂ ಸರ್ಕಾರಿ ಕಾಗದದ ಮೇಲೂ ದಿನಾ ನೋಡುವ ಹಕ್ಕಿ ಇಂಗ್ಲಿಷ್ ಕಾಲುವೆಯ ಮೇಲೆ ಹಾರಿದ ತುಕಡಿಯ ಗುರುತಾಗಿತ್ತು ಎಂಬುದು ಎಷ್ಟೋ ಮೈಸೂರಿನವರಿಗೇ ಗೊತ್ತಿಲ್ಲ. ನಿಮ್ಮ ಮಾವನವರಿಗೆ ಗೊತ್ತಿತ್ತು ನೋಡಿ.

ಫೋಟೋದಲ್ಲಿ ವಿಮಾನದ ಪಕ್ಕೆಯ ಮೇಲೆ ‘ಡಿವಿ’ ಎಂಬ ಅಕ್ಷರಗಳಿವೆ. ಅದು 129ರ ಸಂಕೇತ. ಚಿತ್ರದ ಕೆಳಗೆ 1942 ಎಂದು ಬರೆದಿದೆ, ಪ್ರೊಪೆಲ್ಲರ್‌ಗೆ ಮೂರೇ ಅಲಗು. ಆಗ ಈ ತುಕಡಿಯಲ್ಲಿದ್ದದ್ದು ಸ್ಪಿಟ್‌ಫೈರ್‌ನ ಮಾರ್ಕ್ ಐದು ಎಂಬ ಮಾದರಿ, ಅದಕ್ಕೆ ಮೂರೇ ಅಲಗು. ನಾಲ್ಕು ಅಲಗಿನ ಮಾರ್ಕ್ ಒಂಬತ್ತು ಆಮೇಲೆ ಬಂತು. ಅಂದರೆ ಕಲಾವಿದ ಓದಿಕೊಂಡು ಬರೆದಿದ್ದಾನೆ. ಈ ಬಗೆಯ ಚಿತ್ರ ಸಂಗ್ರಹಿಸುವವರು ಮೋಡ, ಬೆಳಕು ನೋಡುವ ಮೊದಲು ಅಲಗು ಎಣಿಸುತ್ತಾರೆ, ಮೊಳೆ ಎಣಿಸುತ್ತಾರೆ. ಒಂದು ಅಲಗು ಹೆಚ್ಚಾದರೂ ಮುಗಿಯಿತು, ಮನೆಗೆ ಬಂದ ನೆಂಟರ ಮುಂದೆ ಮಾನ ಹೋದಂತೆ.

ಈಗ ಸಂಖ್ಯೆಯ ವಿಷಯ. ಲಿಮಿಟೆಡ್ ಎಡಿಷನ್ ಎಂದರೆ ಇಷ್ಟೇ ಪ್ರತಿ ಎಂದು ಗೊತ್ತುಮಾಡಿ ಅಚ್ಚು ಹಾಕಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟದ್ದು. ಸಾಮಾನ್ಯವಾಗಿ ಅದು ಎಡ ಮೂಲೆಯಲ್ಲಿ, ಚಿತ್ರದ ಗಡಿಯ ಕೆಳಗೆ ಪೆನ್ಸಿಲಿನಲ್ಲಿ ಇರುತ್ತದೆ. 118/850 ಎಂದಿದ್ದರೆ ಎಂಟುನೂರೈವತ್ತು ಪ್ರತಿಗಳಲ್ಲಿ ನೂರ ಹದಿನೆಂಟನೆಯದು ಎಂದರ್ಥ. ನಿಮ್ಮ ಫೋಟೋದಲ್ಲಿ ಕಂದು ಬಣ್ಣದ ಮೌಂಟ್, ಅಂದರೆ ಗಾಜಿಗೂ ಚಿತ್ರಕ್ಕೂ ನಡುವೆ ಸುತ್ತಲೂ ಇಡುವ ರಟ್ಟಿನ ಅಂಚು, ಎಡಭಾಗದಲ್ಲಿ ಒಂದು ಬೆರಳಿನಷ್ಟು ಒಳಗೆ ಬಂದಿದೆ. ಸಂಖ್ಯೆ ಅದರ ಅಡಿಯಲ್ಲಿ ಅಡಗಿರಬಹುದು. ದಯವಿಟ್ಟು ಅವಸರದಲ್ಲಿ ಬಿಚ್ಚಬೇಡಿ. ಮೊದಲು ಗಾಜಿನ ಮೇಲಿಂದಲೇ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಸಹಿಗಳನ್ನು ನೋಡಿ. ಅಚ್ಚಾದ ಸಹಿಯಾಗಿದ್ದರೆ ಗೆರೆಯೊಳಗೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳು ಹೂವಿನಂತೆ ಸುತ್ತಿಕೊಂಡಿರುತ್ತವೆ. ಕೈಬರಹವಾಗಿದ್ದರೆ ಚುಕ್ಕೆ ಇರುವುದಿಲ್ಲ. ಓರೆಯಾಗಿ ಟಾರ್ಚ್ ಹಿಡಿದರೆ ಪೆನ್ಸಿಲ್ ಸೀಸ ಬೂದುಬಣ್ಣಕ್ಕೆ ಮಿನುಗುತ್ತದೆ, ಕಾಗದ ಒಂದಿಷ್ಟು ತಗ್ಗಿರುತ್ತದೆ.

ಅದೇ ಸದಸ್ಯರು: ನೋಡಿದೆ ಸರ್, ಮಿನುಗುತ್ತದೆ! ಹಾಗಾದರೆ ಲಕ್ಷವೇ?

ಉತ್ತರ: ಇಲ್ಲ ಮೇಡಂ, ಮಗನಿಗೆ ನನ್ನ ಮೇಲೆ ಬೇಸರವಾಗಬಹುದು. ಹಲವು ಪ್ರಿಂಟ್‌ಗಳ ಮೇಲೆ ಕಲಾವಿದನ ಜೊತೆ ಆ ಯುದ್ಧದಲ್ಲಿ ಹಾರಿದ ಪೈಲಟ್‌ಗಳೂ ಸಹಿ ಹಾಕುತ್ತಿದ್ದರು. ಈ ಕಲೆಯ ಆಕರ್ಷಣೆಯೇ ಅದು: ಚಿತ್ರದಲ್ಲಿರುವ ಕೈ ಮತ್ತು ಸಹಿ ಹಾಕಿದ ಕೈ ಎರಡೂ ಒಂದೇ. ಇಂಗ್ಲೆಂಡ್, ಅಮೆರಿಕಗಳಲ್ಲಿ ಎಂಬತ್ತು ಮತ್ತು ತೊಂಬತ್ತರ ದಶಕದಲ್ಲಿ ಇಂಥವಕ್ಕೆ ಭಾರಿ ಗಿರಾಕಿ ಇತ್ತು. ಆಗ ‘ಹೂಡಿಕೆ’ ಎಂದು ಕೊಂಡವರ ಎಷ್ಟೋ ಪ್ರಿಂಟ್‌ಗಳು ಈಗ ಬಿಡುಗಡೆಯ ಬೆಲೆಗಿಂತ ಕಡಿಮೆಗೆ ಮಾರಾಟವಾಗುತ್ತಿವೆ. ಕೊಂಡವರೂ ವೃದ್ಧರಾದರು, ಮಕ್ಕಳು ಮಾರುತ್ತಿದ್ದಾರೆ. ಬೆಲೆ ಉಳಿದಿರುವುದು ಹೆಸರಾಂತ ಪೈಲಟ್‌ಗಳ ಸಹಿ ಇರುವವಕ್ಕೆ, ಅಂಚಿನಲ್ಲಿ ಕಲಾವಿದನೇ ಕೈಯಾರೆ ಬಿಡಿಸಿದ ಪುಟ್ಟ ಪೆನ್ಸಿಲ್ ಚಿತ್ರ ಇರುವವಕ್ಕೆ. ಅದನ್ನು ‘ರಿಮಾರ್ಕ್’ ಎನ್ನುತ್ತಾರೆ.

ಇನ್ನೊಬ್ಬ ಸದಸ್ಯರು (ಸರಸ್ವತಿಪುರಂ): ಸರ್, ಸಂಖ್ಯೆ ಚಿಕ್ಕದಿದ್ದಷ್ಟೂ ಬೆಲೆ ಹೆಚ್ಚು ಅಲ್ಲವೇ?

ಉತ್ತರ: ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕುತ್ತಿದ್ದ ಕಾಲದ ನಂಬಿಕೆ ಅದು. ತಗಡು ಸವೆಯುತ್ತಿತ್ತು, ಮೊದಲ ಪ್ರತಿಗಳು ಚುರುಕಾಗಿರುತ್ತಿದ್ದವು. ಇಂಥ ಪ್ರಿಂಟ್‌ಗಳನ್ನು ಅಚ್ಚು ಹಾಕುವ ಆಫ್‌ಸೆಟ್ ಯಂತ್ರದಲ್ಲಿ ಒಂದಕ್ಕೂ ಎಂಟುನೂರಕ್ಕೂ ವ್ಯತ್ಯಾಸ ಕಾಣುವುದಿಲ್ಲ. ವಾಹನದ ಫ್ಯಾನ್ಸಿ ನಂಬರಿನ ಮೋಹದಂತೆಯೇ ಇದೂ.

ಪ್ರಶ್ನೆ (ಮಂಡ್ಯ): ನಾನು ವಾಯುಪಡೆಯಿಂದ ನಿವೃತ್ತನಾದವನು. ನಮ್ಮ ನ್ಯಾಟ್ ವಿಮಾನಗಳ ಒಂದು ಪ್ರಿಂಟ್ ನನ್ನ ಬಳಿ ಇತ್ತು, 1971ರ ನವೆಂಬರ್ 22ರ ಬೊಯ್ರಾ ಕದನದ್ದು. ಕಲಾವಿದರ ಸಹಿಯೂ ಇತ್ತು. ಕಟ್ಟು ಹಾಕಲು ಒಂದು ಅಂಗಡಿಗೆ ಕೊಟ್ಟೆ. ಸಿದ್ಧವಿದ್ದ ಫ್ರೇಮಿಗೆ ಕೂರಲಿಲ್ಲವೆಂದು ನಾಲ್ಕೂ ಕಡೆ ಬಿಳಿ ಅಂಚು ಕತ್ತರಿಸಿ, ಪ್ಲೈವುಡ್‌ಗೆ ಫೆವಿಕಾಲ್ ಹಚ್ಚಿ ಅಂಟಿಸಿ ಕೊಟ್ಟರು. ಸಹಿ ಕಸದ ಬುಟ್ಟಿಗೆ ಹೋಯಿತು. ಏನಾದರೂ ಮಾಡಬಹುದೇ?

ಉತ್ತರ: ಓದಿ ಹೊಟ್ಟೆ ಉರಿಯಿತು ಸರ್. ಏನೂ ಮಾಡಲಾಗುವುದಿಲ್ಲ, ಸುಳ್ಳು ಭರವಸೆ ಕೊಡುವುದಿಲ್ಲ. ಕೀಳಲು ಹೋದರೆ ಮೇಲ್ಪದರವೇ ಸುಲಿದು ಬರುತ್ತದೆ. ಹಾಗೆಯೇ ಬಿಡಿ. ಬೊಯ್ರಾದಲ್ಲಿ ನಾಲ್ಕು ನ್ಯಾಟ್‌ಗಳು ಪಾಕಿಸ್ತಾನದ ಎರಡು ಸೇಬರ್ ಯುದ್ಧವಿಮಾನಗಳನ್ನು ಉರುಳಿಸಿದವು, ಒಂದಕ್ಕೆ ಪೆಟ್ಟು ಕೊಟ್ಟವು. ಆ ಪೈಲಟ್‌ಗಳಲ್ಲಿ ಗಣಪತಿಯವರು ಕೊಡಗಿನವರು. ಚಿತ್ರ ಗೋಡೆಯ ಮೇಲಿದ್ದು ಮೊಮ್ಮಕ್ಕಳಿಗೆ ಅದನ್ನು ಹೇಳುವಂತಿದ್ದರೆ ಅಷ್ಟು ಸಾಕು.

ನಮ್ಮ ಕಸುಬಿನವರ ಪರವಾಗಿ ಒಂದು ಮಾತು. ಇಲ್ಲಿ ಬಹುತೇಕರು ಕೈ ಪಳಗಿಸಿಕೊಂಡದ್ದು ದೇವರ ಪಟಗಳಿಗೆ ಕಟ್ಟು ಹಾಕಿ. ನಾನೂ ಹಾಗೆಯೇ ಕಲಿತವನು. ಲಕ್ಷ್ಮಿಯ ಪಟದಲ್ಲಿ ಬಿಳಿ ಅಂಚು ವ್ಯರ್ಥ ಜಾಗ, ಕತ್ತರಿಸಿದರೆ ಯಾರೂ ಕೇಳುವುದಿಲ್ಲ. ಸಹಿ ಮಾಡಿದ ಪ್ರಿಂಟ್‌ನಲ್ಲಿ ಬೆಲೆ ಇರುವುದೇ ಆ ಅಂಚಿನಲ್ಲಿ. ಕೊಡುವಾಗ ಬಾಯಿಬಿಟ್ಟು ಹೇಳಿ: ಕತ್ತರಿಸಬೇಡಿ, ಅಂಟಿಸಬೇಡಿ, ಲ್ಯಾಮಿನೇಷನ್ ಬೇಡ. ಚೀಟಿಯಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಪ್ರಶ್ನೆ (ಹೆಬ್ಬಾಳು, ಮೈಸೂರು): ಅಂಟಿಸದೆ ನಿಲ್ಲಿಸುವುದು ಹೇಗೆ? ಮಳೆಗಾಲದಲ್ಲಿ ನಮ್ಮ ಮನೆಯ ಚಿತ್ರಗಳಲ್ಲಿ ಕಂದು ಚುಕ್ಕೆಗಳೂ ಬರುತ್ತಿವೆ.

ಉತ್ತರ: ಮೇಲಂಚಿಗೆ ಮಾತ್ರ ತೆಳುವಾದ ಜಪಾನಿ ಕಾಗದದ ಎರಡು ಪಟ್ಟಿ, ಗೋಧಿ ಗಂಜಿಯಿಂದ. ಚಿತ್ರ ಜೋತುಬಿದ್ದಂತೆ ಇರಬೇಕು, ಹಿಗ್ಗಲು ಕುಗ್ಗಲು ಜಾಗ ಬೇಕು. ಗಂಜಿ ಎಂದಾಗ ಪುಸ್ತಕ ಕಟ್ಟುವವರ ಮೈದಾ ಅಂಟು ತರಬೇಡಿ. ಹುಳ ಬಾರದಿರಲೆಂದು ಅದಕ್ಕೆ ಮೈಲುತುತ್ತ ಹಾಕಿರುತ್ತಾರೆ, ಅದು ಕಾಗದವನ್ನು ಕ್ರಮೇಣ ಕಂದಾಗಿಸಿ ಪುಡಿ ಮಾಡುತ್ತದೆ. ಆ ಕಂದು ಚುಕ್ಕೆಗಳಿಗೆ ತೇವ ಮತ್ತು ಬೂಷ್ಟು ಕಾರಣ. ಹೊರಗೋಡೆಗೆ, ಬಚ್ಚಲಿನ ಗೋಡೆಗೆ ನೇತುಹಾಕಬೇಡಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗಳಲ್ಲಿ ಸೀಸೆಯ ಬಿರಡೆ ತುಂಡರಿಸಿ ಅಂಟಿಸಿದರೆ ಗಾಳಿಯಾಡುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು, ಮೌಂಟ್ ಇರುವುದು ಅದಕ್ಕೇ. ಮೌಂಟೂ ಹಿಂಬದಿಯ ರಟ್ಟೂ ಆಮ್ಲರಹಿತವಾಗಿರಬೇಕು.

ಪ್ರಶ್ನೆ (ಮಂಡ್ಯ): ಅಂತರ್ಜಾಲದಿಂದ ಒಂದು ವಿಮಾನ ಚಿತ್ರ ಇಳಿಸಿಕೊಂಡಿದ್ದೇನೆ, ಕ್ಯಾನ್ವಾಸ್ ಮೇಲೆ ಮುದ್ರಿಸಿ ಕೊಡುವಿರಾ?

ಉತ್ತರ: ಇಲ್ಲ. ನಮ್ಮ ಕಾನೂನಿನಲ್ಲಿ ಕಲಾವಿದನ ಹಕ್ಕು ಅವನು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಅವರಿಗೇ ಬರೆದು ಪ್ರಿಂಟ್ ಕೊಳ್ಳಿ.

ಕುವೆಂಪುನಗರದ ಸದಸ್ಯರು (ನಾಲ್ಕು ದಿನಗಳ ನಂತರ): ಸರ್, ಕ್ಷಮಿಸಿ, ತಡೆಯಲಾಗಲಿಲ್ಲ. ಹಿಂಬದಿಯ ಮೊಳೆಗಳನ್ನು ಮಾತ್ರ ಕಿತ್ತು ಹಲಗೆ ತೆಗೆದೆವು. ಮೌಂಟ್ ಎತ್ತಿದರೆ ಎಡಗಡೆ 67/500 ಎಂದಿದೆ! ಮೌಂಟ್‌ನ ಅಂಚು ಕೂತಿದ್ದ ಕಡೆಯೆಲ್ಲ ಚಹಾ ಕಲೆಯಂಥ ಗೆರೆ. ಮೇಲ್ಗಡೆ ಸೆಲೊ ಟೇಪ್ ಅಂಟಿಸಿದ್ದಾರೆ, ಹಳದಿಯಾಗಿ ಅಂಟಂಟಾಗಿದೆ. ಹಲಗೆಯ ಮೇಲೆ ಮಾವನವರ ಕೈಬರಹದಲ್ಲಿ ‘ನಮ್ಮ ಮೈಸೂರಿನ ಹಕ್ಕಿ’ ಎಂದು ಬರೆದಿದೆ.

ಉತ್ತರ: ಟೇಪನ್ನು ಮುಟ್ಟಬೇಡಿ, ಕೀಳಲೇಬೇಡಿ. ಆ ಗೆರೆ ಹಳೆಯ ರಟ್ಟಿನ ಆಮ್ಲದ್ದು, ಪೂರ್ತಿ ಹೋಗುವುದಿಲ್ಲ, ಇನ್ನಷ್ಟು ಹರಡದಂತೆ ಮಾಡಬಹುದು. ಸುರುಳಿ ಸುತ್ತದೆ, ಎರಡು ದಪ್ಪ ರಟ್ಟುಗಳ ನಡುವೆ ಚಪ್ಪಟೆಯಾಗಿ ಇಟ್ಟು ತನ್ನಿ. ಮಳೆ ಬರುವ ಸಂಜೆ ಬೇಡ, ಬೆಳಿಗ್ಗೆ ಹನ್ನೊಂದರೊಳಗೆ ಬನ್ನಿ. ಆ ಹಲಗೆಯನ್ನೂ ತನ್ನಿ. ಚಿತ್ರದ ಹಿಂದೆ ಅದನ್ನು ಮತ್ತೆ ಇಡಲಾಗುವುದಿಲ್ಲ, ಆದರೆ ಬರಹವಿರುವ ಭಾಗವನ್ನು ಕೊಯ್ದು ಬೇರೆ ಕಟ್ಟು ಹಾಕಿ ಕೊಡುತ್ತೇನೆ. ಅದಕ್ಕೆ ದುಡ್ಡು ಬೇಡ.