ಸಹಾಯ ಬೇಕು: ಕೊಡಗಿನ ಪೊನ್ನಂಪೇಟೆ ಕಡೆ ಹಾಸಿಗೆ ಹಿಡಿದ ಅಜ್ಜಿಗೆ ಆರೈಕೆ

ಎಲ್ಲರಿಗೂ ನಮಸ್ಕಾರ. ಪಾರ್ಶ್ವವಾಯು ಆಗಿ ಮಲಗಿರುವ 78ರ ಅಜ್ಜಿ. ಮೂಗಿನ ನಳಿಕೆಯಲ್ಲಿ ಊಟ, ಮೂತ್ರ ಹೊರಹೋಗಲು ಕ್ಯಾತಿಟರ್ (ಕೊಳವೆ). ಕಾಫಿ ತೋಟದ ಒಂಟಿ ಮನೆ.

ಏಜೆನ್ಸಿಯವರು ‘ಹೋಮ್ ನರ್ಸ್’ ಎಂದು ಕಳಿಸುವವರಲ್ಲಿ ಎಷ್ಟೋ ಮಂದಿ ಸ್ನಾನ, ಡೈಪರ್ ನೋಡಿಕೊಳ್ಳುವ ಸಹಾಯಕರಷ್ಟೇ. ನಳಿಕೆ, ಕ್ಯಾತಿಟರ್ ಬದಲಿಸಲು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಓದಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಇರುವವರೇ ಆಗಬೇಕು. ಅದಕ್ಕಾಗಿ ದಿನವಿಡೀ ನರ್ಸ್ ಇಡುವುದು ದುಂದು. ಹಾಗಾಗಿ ಇಬ್ಬರು ಬೇಕು: ಮನೆಯಲ್ಲೇ ಉಳಿಯುವ ಸಹಾಯಕಿ, ಕರೆದಾಗ ಬಂದು ಹೋಗುವ ನರ್ಸ್.

ಸಹಾಯಕಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಭ್ಯಾಸ ಇರಲಿ, ಇಲ್ಲದಿದ್ದರೆ ಬೆನ್ನುಹುಣ್ಣು ಆಗುವ ಅಪಾಯ ಹೆಚ್ಚು. ನಳಿಕೆಯಲ್ಲಿ ಊಟ ಕೊಡುವಾಗಲೂ, ಆಮೇಲೆ ಅರ್ಧ ಗಂಟೆಯಾದರೂ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಚಪ್ಪಟೆ ಮಲಗಿಸಿದರೆ ಆಹಾರ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು.

ಬೆನ್ನುಹುಣ್ಣು ತಡೆಯಲು ಪಂಪಿನಿಂದ ಗಾಳಿ ತುಂಬುವ ಹಾಸಿಗೆ (ಗಾಳಿಹಾಸಿಗೆ) ಬಾಡಿಗೆಗೆ ಸಿಗುತ್ತದೆಯೇ? ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ (ನಮ್ಮ ಮಳೆಗಾಲ ಗೊತ್ತಲ್ಲ), ಆದರೆ ಅದಕ್ಕೆ ಮನೆಯಲ್ಲಿ ಇನ್ವರ್ಟರ್ ಇದೆ.

ದಯವಿಟ್ಟು ಸಾಮಾನ್ಯ ವೃದ್ಧಾಶ್ರಮ ಸೂಚಿಸಬೇಡಿ. ಹಲವು ಕಡೆ ಎದ್ದು ಓಡಾಡುವವರನ್ನಷ್ಟೇ ಸೇರಿಸಿಕೊಳ್ಳುತ್ತಾರೆ. ಆದರೆ ಗೋಣಿಕೊಪ್ಪ, ವಿರಾಜಪೇಟೆ ಸುತ್ತ ನಳಿಕೆ ಇರುವವರನ್ನು ಎರಡು ವಾರದ ಮಟ್ಟಿಗೆ ಇರಿಸಿಕೊಳ್ಳುವ ಜಾಗ ಇದ್ದರೆ ತಿಳಿಸಿ. ಹಿರಿಯರ ಸಹಾಯವಾಣಿ 14567ಕ್ಕೂ ಕೇಳುತ್ತಿದ್ದೇವೆ.