ಮರು: ‘ಹೊಮೊಲೊಗಸ್ ರೀಕಾಂಬಿನೇಶನ್’ಗೆ ಕನ್ನಡ? ಇವತ್ತೇ ಬೇಕು

ಮಲ್ಲೇಶ್ವರದ ಕಾಲೇಜೊಂದರ ವಿಜ್ಞಾನ ಪ್ರದರ್ಶನಕ್ಕೆ ಭಿತ್ತಿಪತ್ರ, ಸಂಜೆ ಪ್ರೆಸ್ಸಿಗೆ ಹೋಗಬೇಕು. ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಜೀವಕೋಶ ಮಾಡಿಕೊಳ್ಳುವ ರಿಪೇರಿ ಇದು. ಸದ್ಯಕ್ಕೆ ‘ಸಮಜಾತ ಪುನಸ್ಸಂಯೋಜನೆ’ ಅಂತ ಹಾಕಿದ್ದೇನೆ. ಹೈಸ್ಕೂಲು ಮಕ್ಕಳ ನಾಲಿಗೆ ಹೊರಳುವಂಥದ್ದು ಏನಾದರೂ ಇದೆಯೇ?

---
ಸಮ, ಜಾತ, ಪುನಃ, ಸಂಯೋಜನೆ. ಇದರಲ್ಲಿ ಕನ್ನಡ ಯಾವುದು? ‘ಮರುಬೆಸುಗೆ’ ಅನ್ನಿ, ಮುಗಿಯಿತು.

---
> ಮುಗಿಯಿತು

ಮುಗಿಯಲಿಲ್ಲ. ತುದಿಗೆ ತುದಿ ಅಂಟಿಸುವ ಬೆಸುಗೆ ಬೇರೆಯೇ ಇದೆ. ಅದರಲ್ಲಿ ನಡುವಿನ ಕೆಲವು ಅಕ್ಷರ, ಅಂದರೆ ಡಿಎನ್‌ಎಯ ಬೇಸ್‌ಗಳು, ಹೋದರೆ ಹೋದವು. ಇಲ್ಲಿ ಕಿಣ್ವಗಳು ಮುರಿದ ತುದಿಯ ಒಂದೆಳೆಯನ್ನು ಸವೆಸಿ, ಇನ್ನೊಂದರ ಬಾಲ ಹೊರಚಾಚುವಂತೆ ಮಾಡುತ್ತವೆ. ಆ ಬಾಲದುದ್ದಕ್ಕೂ ರ್ಯಾಡ್51 ಪ್ರೋಟೀನು ಸಾಲುಗಟ್ಟಿ ಕೂರುತ್ತದೆ. ಕೂರಿಸುವುದು ಬಿಆರ್‌ಸಿಎ2 ಎಂಬ ಇನ್ನೊಂದು ಪ್ರೋಟೀನು, ಅದರ ಜೀನು ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಏರುತ್ತದೆ. ಬಾಲ ತನ್ನದೇ ಅಕ್ಷರಸಾಲಿರುವ, ಮುರಿಯದ ಡಿಎನ್‌ಎ ಹುಡುಕಿ, ಅದರೆರಡು ಎಳೆಗಳ ನಡುವೆ ನುಗ್ಗಿ, ಕಳೆದುಹೋದದ್ದನ್ನು ನೋಡಿಕೊಂಡು ಬರೆಯುತ್ತದೆ. ಚಿಕ್ಕಪೇಟೆಯಲ್ಲಿ ಅದೇ ಬಟ್ಟೆಯ ಎಳೆಯಿಂದ ತೂತು ಮುಚ್ಚುತ್ತಾರಲ್ಲ, ‘ರಫು’. ಅದನ್ನೇ ಯಾಕೆ ಹಾಕಬಾರದು?

---
ರಫು ಪಾರಸಿ.

---
ದರ್ಜಿಯೂ ಪಾರಸಿ. ಬಟ್ಟೆ ಹೊಲಿಸುವುದು ಬಿಟ್ಟಿರಾ? ಆದರೂ ರಫು ಬೇಡ, ಕಾರಣ ಬೇರೆ. ರಫುವಿನಲ್ಲಿ ಎಳೆ ಕಿತ್ತು ತರುತ್ತಾರೆ. ಇಲ್ಲಿ ಮಾದರಿ ಹಾಗೇ ಉಳಿಯುತ್ತದೆ.

---
ಜಗಳ ಆಮೇಲೆ. ಗ್ರೀಕಿನ ‘ಹೊಮೊಸ್’, ಸಂಸ್ಕೃತದ ‘ಸಮ’ ಒಂದೇ ಬೇರಿನವು, ‘ಸಮ’ವನ್ನು ಕೈಬಿಡಲು ನಾನು ಒಪ್ಪುವುದಿಲ್ಲ. ತಕರಾರಿರುವುದು ‘ಜಾತ’ದ ಮೇಲೆ. ಒಡಹುಟ್ಟು ಎನಿಸುತ್ತದೆ.

---
> ಒಡಹುಟ್ಟು ಎನಿಸುತ್ತದೆ

ಎನಿಸಲಿ, ಅದೇ ಸರಿ! ನಮ್ಮ ಜೀವಕೋಶಗಳಲ್ಲಿ ಮಾದರಿಯಾಗುವುದು ಬಹುಮಟ್ಟಿಗೆ ಸೋದರಿ ಕ್ರೊಮ್ಯಾಟಿಡ್, ಡಿಎನ್‌ಎ ಇಮ್ಮಡಿಯಾದಾಗ ಸಿಕ್ಕ ಪ್ರತಿ. ಅದಕ್ಕೇ ಈ ರಿಪೇರಿ ಹೆಚ್ಚಾಗಿ ಎಸ್, ಜಿ2 ಹಂತಗಳಲ್ಲಿ, ಅಂದರೆ ಡಿಎನ್‌ಎ ಇಮ್ಮಡಿಯಾಗುವಾಗ ಮತ್ತು ಆಮೇಲೆ ಕೋಶ ಒಡೆಯುವ ಮುನ್ನ. ‘ಪಡಿಯಚ್ಚು ದುರಸ್ತಿ’ ಅನ್ನಬಹುದು. ದುರಸ್ತಿ ಎಲ್ಲಿಯದೆಂದು ಗೊತ್ತು, ಬರೆಯಬೇಡಿ.

---
‘ಸರಿಪಡಿಕೆ’ ಸತ್ತುಹೋಯಿತೇ? ಕನ್ನಡದ ಧಾತು ಕಣ್ಣೆದುರಿಗಿದ್ದರೂ ನೆರೆಮನೆಯ ಬಾಗಿಲು ತಟ್ಟುವುದು ಈ ಬಳಗದ ಚಾಳಿ.

---
ಎಲ್ಲರಿಗೂ ಥ್ಯಾಂಕ್ಸ್. ದಪ್ಪಕ್ಷರದಲ್ಲಿ ‘ಪಡಿಯಚ್ಚು ದುರಸ್ತಿ’, ಕೆಳಗೆ ಸಣ್ಣದಾಗಿ ‘ಸಮಜಾತ ಪುನಸ್ಸಂಯೋಜನೆ’. ಫೈಲು ಹೋಯಿತು. ಮುಂದಿನ ಹಾಳೆಗೆ ‘ಹಾಲಿಡೇ ಜಂಕ್ಷನ್’ ಬೇಕು, ಈ ರಿಪೇರಿಯ ನಡುವೆ ಎರಡು ಡಿಎನ್‌ಎಗಳ ಎಳೆಗಳು ಅದಲುಬದಲಾಗಿ ಹೆಣೆದುಕೊಳ್ಳುವ ಜಾಗ.

---
ಅದು ರಜೆಯಲ್ಲ, ಜೋಕೆ. 1964ರಲ್ಲಿ ಅದನ್ನು ಸೂಚಿಸಿದ ತಳಿವಿಜ್ಞಾನಿ ರಾಬಿನ್ ಹಾಲಿಡೇ ಹೆಸರು. ‘ಹಾಲಿಡೇ ಕೂಡುರಸ್ತೆ’ ಸಾಕು.

---
ಕೂಡುದಾರಿ. ರಸ್ತೆಯೂ ಪಾರಸಿ.