‘ಹಿರೇಬೇನೆ’ ಅಂದರೆ ಯಾವ ಬೇನೆ? ಜೊತೆಗೆ ಝಾಡಿಸು, ಚಪ್ಪೆ, ಕಂದು

ಬಳಗದ ಎಲ್ಲರಿಗೂ ನಮಸ್ಕಾರ.

ಗದಗ, ಹಾವೇರಿ, ಧಾರವಾಡ ಕಡೆಯವರು, ಅದರಲ್ಲೂ ಮನೆಯಲ್ಲಿ ದನ ಕುರಿ ಕಟ್ಟಿದವರು ಇದನ್ನು ಓದಿ ಎರಡು ಸಾಲು ಉತ್ತರ ಬರೆಯಬೇಕು. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ವಿಶ್ವವಿದ್ಯಾಲಯವೊಂದರ ಯೋಜನೆಗೆ ಹಳೆಯ ಕ್ಯಾಸೆಟ್ಟುಗಳನ್ನು ಕೇಳಿ ಬರಹಕ್ಕೆ ಇಳಿಸುವ ಕೆಲಸ ನನ್ನದು. ಡೊಳ್ಳಿನ ಪದ, ಊರಿನ ಕತೆ, ದನಕರುಗಳ ನಾಟಿ ಔಷಧ, ಎಲ್ಲ ಅದರಲ್ಲಿ ಕಲಸಿಕೊಂಡಿವೆ. ಪದ, ಕತೆಗಳನ್ನು ಉಳಿಸಿ ಜನಕ್ಕೆ ಮುಟ್ಟಿಸುವುದು ಅರ್ಧ ಕೆಲಸ. ಅದೇ ಮಾತಿನಲ್ಲಿ ಪಶುರೋಗಗಳ ಹಿಂದಿನ ಸುಳಿವು ಹುಡುಕುವುದು ಇನ್ನರ್ಧ. ಹೀಗಾಗಿ ನಾನು ಬರೆದ ಹಾಳೆ ಒಬ್ಬ ಜಾನಪದದವರ ಹತ್ತಿರ ಹೋಗುತ್ತದೆ, ಒಬ್ಬ ಪಶುವೈದ್ಯರ ಹತ್ತಿರವೂ ಹೋಗುತ್ತದೆ. ಒಂದೇ ಪದಕ್ಕೆ ಇಬ್ಬರೂ ಬೇರೆ ಬೇರೆ ಅರ್ಥ ಬರೆದರೆ ನಡುವೆ ಸಿಕ್ಕಿಕೊಳ್ಳುವುದು ನಾನೇ.

ಈಗ ಆಗಿರುವುದು ಅದೇ. ಮುಂಡರಗಿ ಕಡೆಯ ಒಬ್ಬ ಹಿರಿಯ ಕುರಿಗಾರರು ತಮ್ಮ ಕುರಿಗಳ ಬಗ್ಗೆ ಆಡಿದ ಮಾತು ಹೀಗಿದೆ (ದಡ್ಡಿ ಅಂದರೆ ಕುರಿ ಕೂಡುವ ಜಾಗ):

‘ನರಗುಂದದಾಗ ಗೋಲಿಬಾರ ಆತಲ್ರಿ, ಅದರ ಮುಂದಿನ ವರ್ಷ ಹಿರೇಬ್ಯಾನಿ ಬಂತು. ಕಣ್ಣಾಗ ಪಿಚ್ಚು, ಮೂಗು ಸುರಿಯೂದು, ಬಾಯಾಗ ಹುಣ್ಣು. ಹತ್ರ ಹೋದ್ರ ವಾಸನಿ. ಹೊಟ್ಟಿ ಝಾಡಿಸಿ ಝಾಡಿಸಿ ದಡ್ಡ್ಯಾಗ ಬಿದ್ದು ಸತ್ತುವು. ಎತ್ತಿಗೆ ಮಾತ್ರ ಏನೂ ಆಗ್ಲಿಲ್ಲ ನೋಡ್ರಿ.’

ಪಶುವೈದ್ಯರು ‘ಹಿರೇಬೇನೆ’ ಎದುರು ಪಿಪಿಆರ್ (ಆಡು ಕುರಿಗಳಿಗೆ ಹತ್ತುವ ವೈರಸ್ ರೋಗ) ಎಂದು ಬರೆದರು. ಜಾನಪದದವರು ಅದನ್ನು ಹೊಡೆದು ‘ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್’ ಎಂದು ಬರೆದರು. ಇಬ್ಬರೂ ಸುಮ್ನೆ ಬರೆದಿಲ್ಲ.

ಜಾನಪದದವರ ವಾದ ಮೊದಲು ಹೇಳುತ್ತೇನೆ. ರಿಂಡರ್‌ಪೆಸ್ಟ್ ದನ, ಎಮ್ಮೆಗಳಿಗೆ ಬರುತ್ತಿದ್ದ ಪಿಡುಗು. ಹಳೇ ಮೈಸೂರಿನ ಕಡೆ ಅದಕ್ಕೆ ದೊಡ್ಡರೋಗ ಅನ್ನುತ್ತಿದ್ದರು. ಅವರು ‘ದೊಡ್ಡ’ ಅನ್ನುವ ಎಷ್ಟೋ ಕಡೆ ನಾವು ‘ಹಿರೇ’ ಅನ್ನುತ್ತೇವೆ. ಹಿರೇಕೆರೂರು, ಹಿರೇಹಾಳ, ಹಿರೇಮಠ, ಹೆಸರುಗಳನ್ನು ನೋಡಿದರೆ ಸಾಕು. ಅವರ ‘ರೋಗ’ ನಮ್ಮಲ್ಲಿ ‘ಬೇನೆ’. ಹಾಗಾದರೆ ದೊಡ್ಡರೋಗವೇ ಹಿರೇಬೇನೆ. ಲೆಕ್ಕ ಸರಿ ಕಾಣುತ್ತದೆ, ಅಲ್ವಾ? ಅದೂ ಅಲ್ಲದೆ 1981ರ ಸುಮಾರಿಗೆ, ಅಂದರೆ ಕುರಿಗಾರರು ಹೇಳುವ ಕಾಲಕ್ಕೆ, ದೊಡ್ಡರೋಗ ನಮ್ಮ ದೇಶದಲ್ಲಿ ಇನ್ನೂ ಇತ್ತು. 1954ರಿಂದ ಲಸಿಕೆ ಹಾಕಿ ಹಾಕಿ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತ ಎಂದು ಸಾರಿದರು. ಸಿಡುಬು ಬಿಟ್ಟರೆ ಭೂಮಿಯ ಮೇಲಿಂದ ಪೂರ್ತಿ ತೊಲಗಿದ ರೋಗ ಇದೊಂದೇ.

ಪಶುವೈದ್ಯರ ವಾದ ಬೇರೆ. ಈಗ ಯಾವ ದನದ ದವಾಖಾನೆಯಲ್ಲಿ ಕೇಳಿದರೂ ಹಿರೇಬೇನೆ ಅಂದರೆ ಆಡು ಕುರಿಗಳ ಪಿಪಿಆರ್. ಲಸಿಕೆಯ ಕರಪತ್ರದಲ್ಲೂ ಹಾಗೇ ಇರುತ್ತದೆ. ಕುರಿಗಾರರು ಹೇಳಿದ ಲಕ್ಷಣ ಒಂದೊಂದೂ ಅದಕ್ಕೆ ಹೊಂದುತ್ತದೆ. ತೊಡಕು ಎಲ್ಲಿ ಅಂದರೆ, ಪಿಪಿಆರ್ ಭಾರತದಲ್ಲಿ ಇದೆ ಎಂದು ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. ನರಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದದ್ದು 1980ರ ಜುಲೈನಲ್ಲಿ. ಕುರಿಗಾರರ ಹಿರೇಬೇನೆ ಅದರ ಮುಂದಿನ ವರ್ಷದ್ದು. ಪತ್ತೆಯೇ ಆಗದ ರೋಗ ಆರು ವರ್ಷ ಮೊದಲೇ ಮುಂಡರಗಿಗೆ ಹೇಗೆ ಬಂತು ಎಂದು ಜಾನಪದದವರು ಕೇಳುತ್ತಾರೆ.

ಬರಬಹುದು ಅನ್ನುವುದು ನನ್ನ ಅನಿಸಿಕೆ. ಪತ್ತೆಯಾದ ವರ್ಷ ಬೇರೆ, ಬಂದ ವರ್ಷ ಬೇರೆ. ಎರಡೂ ರೋಗದ ವೈರಸ್‌ಗಳು ಒಂದೇ ಕುಲದವು. ಮನುಷ್ಯರ ದಡಾರದ ವೈರಸ್ಸೂ ಅದೇ ಕುಲ. ಲಕ್ಷಣ ಒಂದೇ ತರ ಇರುವುದರಿಂದ ಮೊದಲು ಕುರಿಗಳು ಹೀಗೆ ಸತ್ತಾಗ ದನದ ದೊಡ್ಡರೋಗವೇ ಕುರಿಗೂ ಹತ್ತಿದೆ ಎಂದು ಬರೆದುಕೊಳ್ಳುತ್ತಿದ್ದರು. ದೊಡ್ಡರೋಗ ಕುರಿಗೂ ಹತ್ತುತ್ತಿತ್ತು, ಅದು ಸುಳ್ಳಲ್ಲ. ಆದರೆ ಎತ್ತು, ಎಮ್ಮೆಗಳನ್ನು ಬಿಟ್ಟು ಕುರಿಯನ್ನಷ್ಟೇ ಹುಡುಕಿ ಹಿಡಿಯುವುದು ಅದರ ರೀತಿಯಲ್ಲ. ಅದಕ್ಕೇ ನನಗೆ ಆ ಕೊನೆಯ ಮಾತು ಮುಖ್ಯ ಅನಿಸುತ್ತದೆ. ‘ಎತ್ತಿಗೆ ಮಾತ್ರ ಏನೂ ಆಗ್ಲಿಲ್ಲ.’ ಟೈಪ್ ಮಾಡುವವರು ಇಂಥ ಮಾತನ್ನು ‘ಕತೆಗೆ ಬೇಕಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ರೋಗ ಯಾವುದು ಅನ್ನುವುದು ಗೊತ್ತಾಗುವುದೇ ಅದರಿಂದ.

ಹಾಗಂತ ‘ಹಿರೇಬೇನೆ’ ಎದುರು ಪಿಪಿಆರ್ ಎಂದು ಬರೆದು ಮುಗಿಸುವುದೂ ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಕ್ಯಾಸೆಟ್ಟಿನಲ್ಲಿ, ಇನ್ನೂ ಹಳೆಯದರಲ್ಲಿ, ಅದೇ ಪದ ಬರುತ್ತದೆ. ಅಲ್ಲಿ ಸಾಯುವುದು ಎತ್ತುಗಳು. ಬಿತ್ತನೆಗೆ ಜೋಡಿಯಿಲ್ಲದೆ ಮನುಷ್ಯರೇ ಕೂರಿಗೆ ಎಳೆದರು ಎಂದು ಅಜ್ಜಿ ಹೇಳುತ್ತಾಳೆ. ಅದಕ್ಕೆ ಪಿಪಿಆರ್ ಎಂದು ಅರ್ಥ ಕೊಟ್ಟರೆ ಆ ಮಾತೇ ಕೆಟ್ಟುಹೋಗುತ್ತದೆ. ನನಗೆ ಕಾಣುವ ಮಟ್ಟಿಗೆ ಹಿರೇಬೇನೆ ಒಂದು ರೋಗದ ಹೆಸರಲ್ಲ. ದಡ್ಡಿಗೆ ದಡ್ಡಿಯನ್ನೇ, ದಂದಕ್ಕಿಗೆ (ದನ ಕಟ್ಟುವ ಜಾಗ) ದಂದಕ್ಕಿಯನ್ನೇ ಬರಿದು ಮಾಡುವ ಯಾವ ಬೇನೆ ಬಂದರೂ ಅದೇ ಹಿರೇಬೇನೆ. ದನದ್ದು ತೊಲಗಿತು, ಹೆಸರು ಕುರಿಗೆ ಉಳಿಯಿತು. ಪದದ ಅರ್ಥ ಒಂದು ಕಡೆ, ಆ ಕತೆಯಲ್ಲಿನ ರೋಗ ಯಾವುದಿರಬಹುದು ಅನ್ನುವುದು ಕಾರಣದ ಸಮೇತ ಇನ್ನೊಂದು ಕಡೆ ಬರೆಯೋಣ ಎಂದು ಹೇಳಿದ್ದೇನೆ. ಇಬ್ಬರೂ ಇನ್ನೂ ಹೂಂ ಅಂದಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟು. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಹಿರೇಬೇನೆ ಯಾವ ಪ್ರಾಣಿಗೆ ಬರುವುದು? ದನಕ್ಕೂ ಹೇಳುತ್ತಿದ್ದರಾ? ಇನ್ನೊಂದು, ಇಲ್ಲಿ ‘ಹಿರೇ’ ಬರೀ ದೊಡ್ಡದು ಅಂತಲೋ, ಅಥವಾ ಭಯಕ್ಕೆ ಕೊಟ್ಟ ಮರ್ಯಾದೆಯೋ? ರಾತ್ರಿ ಹೊತ್ತು ಹಾವಿಗೆ ‘ಹುಳ’ ಅನ್ನುತ್ತೇವೆ, ಸಿಡುಬಿಗೆ ‘ಅಮ್ಮ’ ಅನ್ನುತ್ತೇವೆ. ಇದೂ ಆ ಜಾತಿಗೆ ಸೇರುತ್ತದಾ?

‘ಬೇನೆ’ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಮನುಷ್ಯ ಮಲಗಿದರೆ ‘ಜಡ್ಡಿಗೆ ಬಿದ್ದಾನ’, ಎತ್ತು ಮೇವು ಬಿಟ್ಟರೂ ‘ಜಡ್ಡಾಗೇತಿ’. ಬೇನೆ ಅಂದರೆ ಒಂದೋ ನೋವು, ಇಲ್ಲವೇ ಒಂದರಿಂದ ಒಂದಕ್ಕೆ ಹತ್ತುವ ರೋಗ. ಹಳೆಯ ಅರ್ಥ ನೋವೇ ಇರಬೇಕು. ‘ಬಂಜೆ ಬೇನೆಯನರಿವಳೆ’ ಎಂಬ ಅಕ್ಕನ ಮಾತಿನಲ್ಲಿ ಇರುವುದು ಹೆರಿಗೆ ನೋವು. ಹೆರಿಗೆ ನೋವಿಗೆ ಇವತ್ತಿಗೂ ‘ಬ್ಯಾನಿ’ ಅನ್ನುತ್ತೇವೆ. ಅಂಟುರೋಗಕ್ಕೆ ಅದು ಯಾವಾಗ ಅಂಟಿಕೊಂಡಿತು ಎಂದು ಹಳಗನ್ನಡ ಓದಿದವರು ಹೇಳಬೇಕು. ಹನ್ನೆರಡನೇ ಶತಮಾನದಲ್ಲಿ ಚಾಲುಕ್ಯ ಮನೆತನದ ಕೀರ್ತಿವರ್ಮ ಕನ್ನಡದಲ್ಲೇ ದನದ ವೈದ್ಯದ ಪುಸ್ತಕ ಬರೆದಿದ್ದಾನೆ, ‘ಗೋವೈದ್ಯ’. ಅದರಲ್ಲಿನ ರೋಗದ ಹೆಸರುಗಳನ್ನು ಯಾರಾದರೂ ಪಟ್ಟಿ ಮಾಡಿದ್ದೀರಾ?

ಇನ್ನು ಸಣ್ಣಪುಟ್ಟವು.

ಝಾಡಿಸು. ದಕ್ಷಿಣದ ಕಡೆಯಿಂದ ಬಂದ ನಮ್ಮ ಹುಡುಗನೊಬ್ಬ ‘ಹೊಟ್ಟಿ ಝಾಡಿಸಿ’ ಅನ್ನುವುದನ್ನು ‘ಹೊಟ್ಟೆ ಅಲ್ಲಾಡಿಸಿ’ ಎಂದು ತಿದ್ದಿದ್ದ. ಕುರಿ ಕುಣಿದು ಕುಣಿದು ಸತ್ತಂತೆ ಆಗಿತ್ತು! ಅಂಗಳ ಝಾಡಿಸುವುದು, ಸಿಟ್ಟಿನಲ್ಲಿ ಝಾಡಿಸಿ ಒದೆಯುವುದು, ಹೊಟ್ಟೆ ಝಾಡಿಸುವುದು, ಮೂರೂ ಬೇರೆ. ಮೂರನೆಯದು ಭೇದಿ. ಇದರಲ್ಲಿ ಚರ್ಚೆ ಇಲ್ಲ, ಸುಮ್ನೆ ಹೇಳಿದೆ.

ಚಪ್ಪೆ. ಮಳೆ ಬಿದ್ದ ಹೊಸತರಲ್ಲಿ ಗಟ್ಟಿಮುಟ್ಟಾದ ಎಳೆಯ ದನಗಳಿಗೆ ಬರುವುದು ಚಪ್ಪೆಬೇನೆ. ತೊಡೆಯ ಮೇಲ್ಭಾಗ ಊದುತ್ತದೆ, ಕುಂಟುತ್ತದೆ. ಊದಿದ ಜಾಗ ಒತ್ತಿದರೆ ಚರಚರ ಅನ್ನುತ್ತದೆ, ಒಳಗೆ ಗಾಳಿ ತುಂಬಿರುತ್ತದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಇಲ್ಲಿ ಚಪ್ಪೆ ಅಂದರೆ ದನದ ಸೊಂಟ, ತೊಡೆಯ ಭಾಗ. ಕರಾವಳಿಯ ಗೆಳೆಯರೊಬ್ಬರು ಇದನ್ನು ಉಪ್ಪು ಖಾರ ಇಲ್ಲದ ‘ಚಪ್ಪೆ’ ಎಂದು ತಿಳಿದು, ಬಾಯಿ ರುಚಿ ಕೆಡುವ ರೋಗವೇ ಎಂದು ಕೇಳಿದರು. ಪ್ರಶ್ನೆ ಏನೆಂದರೆ, ಬೇನೆಯ ಹೆಸರು ಬಿಟ್ಟು ಬೇರೆ ಮಾತಿನಲ್ಲಿ ಈ ಸೊಂಟದ ‘ಚಪ್ಪೆ’ ನಿಮ್ಮ ಊರಲ್ಲಿ ಈಗಲೂ ಬಳಕೆಯಲ್ಲಿ ಇದೆಯಾ? ಎತ್ತು ಕೊಳ್ಳುವಾಗ ಸಂತೆಯಲ್ಲಿ ಚಪ್ಪೆ ನೋಡುವುದು ಅನ್ನುತ್ತಾರಾ?

ಕಂದು. ಇದು ಬರೀ ಪದದ ಕುತೂಹಲ ಅಲ್ಲ, ಜೀವಕ್ಕೆ ಸಂಬಂಧಿಸಿದ್ದು. ‘ಕಂದು ರೋಗ’ ಎಂಬ ಹೆಸರಿನಲ್ಲಿ ಸರ್ಕಾರ ಹೆಣ್ಣು ಕರುಗಳಿಗೆ ಲಸಿಕೆ ಹಾಕಿಸುತ್ತದೆ. ನಾಲ್ಕರಿಂದ ಎಂಟು ತಿಂಗಳ ನಡುವಿನ ಕರುಗಳಿಗೆ ಮಾತ್ರ, ಜೀವನದಲ್ಲಿ ಒಂದೇ ಸಲ. ರೋಗದ ಹೆಸರು ಬ್ರುಸೆಲ್ಲೋಸಿಸ್. ಧಾರವಾಡದಲ್ಲಿ ಓದುವ ಹುಡುಗರ ಎದುರು ‘ಕಂದು ರೋಗ’ ಎಂದು ಬರೆದು ಅರ್ಥ ಕೇಳಿದೆ. ಮೈಬಣ್ಣ ಕಂದಾಗುವ ರೋಗ ಎಂದರು ಹೆಚ್ಚಿನವರು. ಒಬ್ಬಳು ಮಾತ್ರ ನಕ್ಕಳು. ಅವಳ ಮನೆಯಲ್ಲಿ ಎಮ್ಮೆಗಳಿವೆ. ‘ಬಣ್ಣ ಅಲ್ರಿ ಸರ, ಎಮ್ಮಿ ಕಂದ ಹಾಕತೈತಲ್ಲ, ಅದು’ ಅಂದಳು.

ಅವಳು ಹೇಳಿದ್ದೇ ಸರಿ. ದಿನ ತುಂಬಿ ಕರು ಹಾಕಿದರೆ ‘ಈಯಿತು’. ತುಂಬುವ ಮೊದಲೇ ಬಿದ್ದುಹೋದರೆ ‘ಕಂದು ಹಾಕಿತು’. ಈ ರೋಗದಲ್ಲಿ ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಹೀಗೆ ಆಗುವುದು ಜಾಸ್ತಿ, ಕಸವೂ (ಮಾಸು) ಬೇಗ ಬೀಳುವುದಿಲ್ಲ. ಆ ಕಸವನ್ನು, ಸತ್ತ ಕಂದನ್ನು ಬರಿಗೈಯಲ್ಲಿ ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ ರೋಗ ಅಂಟುತ್ತದೆ. ಬಿಟ್ಟು ಬಿಟ್ಟು ಜ್ವರ, ಕೀಲು ನೋವು, ತಿಂಗಳುಗಟ್ಟಲೆ ಸುಸ್ತು. ಮನೆಯಲ್ಲಿ ಆ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರೇ. ‘ಕಂದು ಹಾಕುವ ರೋಗ’ ಎಂದು ಬಿಡಿಸಿ ಬರೆದರೆ ಹಳ್ಳಿಯಲ್ಲಿ ಯಾರಿಗೂ ವಿವರಿಸಬೇಕಿಲ್ಲ. ನಡುವಿನ ಒಂದು ಪದ ಹಾರಿಸಿದ್ದಕ್ಕೆ ಬಣ್ಣ ಬಂದು ಕೂತಿದೆ. ನಿಮ್ಮ ಕಡೆ ಇದಕ್ಕೆ ಬೇರೆ ಮಾತು ಇದ್ದರೆ ತಿಳಿಸಿ. ಕುರಿಗೂ ‘ಕಂದು ಹಾಕು’ ಅನ್ನುತ್ತಾರಾ, ಅಥವಾ ಅದಕ್ಕೆ ಬೇರೆ ಪದ ಇದೆಯಾ?

ಹೊಸ ರೋಗಕ್ಕೆ ಜನ ಹೆಸರಿಡುವ ರೀತಿಯೂ ಸ್ವಾರಸ್ಯ. 2022ರಲ್ಲಿ ಹಾವೇರಿ ಜಿಲ್ಲೆಯಲ್ಲಿ ದನಗಳಿಗೆ ಮೈತುಂಬಾ ಗಂಟು ಎದ್ದು ದನದ ಸಂತೆಗಳೇ ನಿಂತುಹೋದವಲ್ಲ, ಆಗ ಪತ್ರಿಕೆಗಳು ‘ಚರ್ಮಗಂಟು ರೋಗ’ ಎಂದವು. ಒಳ್ಳೆಯ ಪದವೇ, ನೋಡಿದ್ದನ್ನೇ ಹೇಳುತ್ತದೆ. ಊರಲ್ಲಿ ‘ಲಂಪಿ’, ‘ಗಂಟುಬ್ಯಾನಿ’ ಎರಡೂ ಓಡಾಡಿದವು. ಶಿಗ್ಗಾವಿ ಹತ್ತಿರ ಕುರಿ ತರುಬಿದ್ದ ಒಬ್ಬ ಕುರಿಗಾರರು ಮಾತ್ರ ‘ದನಕ್ಕೂ ಮೈಲಿ ಬಂತು’ ಅಂದರು. ಮೈಲಿ ಅಂದರೆ ಸಿಡುಬು, ಕುರಿ ಸಿಡುಬಿಗೂ ಅದೇ ಮಾತು. ಚರ್ಮಗಂಟಿನ ವೈರಸ್ಸು ಕುರಿ ಸಿಡುಬಿನ ವೈರಸ್ಸಿನ ಹತ್ತಿರದ ಸಂಬಂಧಿ. ಆಗ ದನಗಳಿಗೆ ಹಾಕಿದ್ದೂ ಆಡಿನ ಸಿಡುಬಿಗೆ ಮಾಡಿದ ಲಸಿಕೆಯನ್ನೇ. ಅವರು ಪ್ರಯೋಗಾಲಯದ ವರದಿ ಓದಿ ಹೇಳಿದ್ದಲ್ಲ, ಗುಳ್ಳೆ ನೋಡಿ ಹೇಳಿದ್ದು.

ಇಷ್ಟೆಲ್ಲ ನೋಡಿದ ಮೇಲೆ ಒಂದು ತಕರಾರು ಹೇಳಲೇಬೇಕು. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಗದಗಿನಲ್ಲಿ ಬೀದರ್‌ನ ಪಶು ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜು ಇದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯ ಮಾನ್ಯತೆ ಸಿಕ್ಕಿದ್ದರ ಹಿಂದೆ ಅವರ ಅಧ್ಯಯನ ಇದೆ. ಹೀಗೆ ಹತ್ತಿರ ಹತ್ತಿರವೇ ಎಲ್ಲ ಇದ್ದರೂ ನಮ್ಮ ಕಡೆ ಪದ ಕೇಳಲು ಹೋದವರು ರೋಗ ಕೇಳುವುದಿಲ್ಲ, ರಕ್ತದ ಮಾದರಿಗೆ ಹೋದವರು ಪದ ಕೇಳುವುದಿಲ್ಲ. ಇಬ್ಬರೂ ಹೋಗುವುದು ಒಂದೇ ದಡ್ಡಿಗೆ. ಪದ ಸಿಕ್ಕಾಗ ಯಾವ ಪ್ರಾಣಿ, ಎಷ್ಟು ವಯಸ್ಸು, ಯಾವ ತಿಂಗಳು, ಯಾವುದಕ್ಕೆ ಬರಲಿಲ್ಲ, ಇಷ್ಟು ಕೇಳಿ ಬರೆದುಕೊಂಡರೆ ನಮ್ಮ ಈ ಜಗಳದ ಅರ್ಧ ಅಲ್ಲೇ ಮುಗಿಯುತ್ತದೆ.

ಉತ್ತರ ಬರೆಯುವವರು ಊರ ಹೆಸರು, ಪ್ರಾಣಿ, ಕಂಡ ಲಕ್ಷಣ ತಪ್ಪದೆ ಹಾಕಿ. ಪದವನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ, ಮನೆಯಲ್ಲಿ ಹೇಗೆ ಅನ್ನುತ್ತಾರೋ ಹಾಗೇ ಬರೆಯಿರಿ.

ಕೊನೆಗೆ ಇನ್ನೊಂದು. ಅಂಥ್ರಾಕ್ಸ್‌ಗೆ ಕರಪತ್ರಗಳಲ್ಲಿ ‘ನೆರಡಿ’ ಎಂದಿರುತ್ತದೆ. ಕ್ಯಾಸೆಟ್ಟಿನಲ್ಲಿ ಒಬ್ಬರೂ ಈ ಪದ ಆಡಿಲ್ಲ. ಸತ್ತ ದನದ ಮೂಗಿನಿಂದ ಕಪ್ಪು ರಕ್ತ ಬಂದರೆ ಅದನ್ನು ಕೊಯ್ಯಬಾರದು, ಆಳವಾಗಿ ಹೂಳಬೇಕು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತು. ನೆರಡಿ ಯಾವ ಕಡೆಯ ಮಾತು? ನಮ್ಮ ಮೂರು ಜಿಲ್ಲೆಗಳಲ್ಲಿ ಯಾರ ಬಾಯಲ್ಲಾದರೂ ಕೇಳಿದ್ದೀರಾ?